ತೀಪಿ

ಹಾಡು ಕಟ್ಟುವುದನ್ನು ಕಲಿಯಲು ಬಂದಿದ್ದ ಶಿಷ್ಯ ಚೆನ್ನವೀರ ಒಂದು ಬೆಳಿಗ್ಗೆ ಗುರುಗಳನ್ನು ಕೇಳಿದ:

"ಗುರುಗಳೇ, ಹಾಡು ಬರೆಯಲು ನೆರವಾಗುವ ಎಐಗಳಲ್ಲಿ ಎರಡು ಬಗೆ ಇವೆ. ಒಂದು ಪುಕ್ಕಟೆ. ಇನ್ನೊಂದಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಇಲ್ಲಿಯವರೆಗೆ ಪುಕ್ಕಟೆಯದನ್ನೇ ಬಳಸಿದ್ದೇನೆ. ಯಾವುದನ್ನು ಇಟ್ಟುಕೊಳ್ಳಲಿ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹೆಂಗಸಿದ್ದಳು. ಜೋಗುಳ ಕಟ್ಟುವುದು ಅವಳ ಕಸುಬು. ಮಗುವಿಗೆ ಹೆಸರಿಡುವ ಮನೆಯವರು ಬಂದು ಕರೆದರೆ, ಆ ಮಗುವಿನ ಹೆಸರು ಸೇರಿಸಿ ಹೊಸ ಜೋಗುಳ ಕಟ್ಟಿ ಹಾಡಿ ಬರುತ್ತಿದ್ದಳು. ಅವಳಿಗೂ ಒಬ್ಬಳು ಮಗಳಿದ್ದಳು. ಒಂದೂವರೆ ವರ್ಷ ಬದುಕಿ, ಜ್ವರ ಬಂದು ತೀರಿಕೊಂಡಳು. ಆ ಮಗು ದೀಪಕ್ಕೆ 'ತೀಪಿ' ಅನ್ನುತ್ತಿತ್ತು. ಅದು ಆಡಿದ ಮಾತು ಅದೊಂದೇ. ತಾಯಿ ಆ ಮಾತನ್ನಿಟ್ಟು ಒಂದು ಜೋಗುಳ ಕಟ್ಟಿದ್ದಳು: 'ತೀಪಿ ಮಲಗಿತು, ತೀಪಿಯ ನೆರಳೂ ಮಲಗಿತು, ನೀನೂ ಮಲಗು.' ಮಗು ಹೋದ ಮೇಲೆ ಅದನ್ನು ಯಾರ ಮುಂದೆಯೂ ಹಾಡಲಿಲ್ಲ. ಗಂಡನ ಮುಂದೆಯೂ ಇಲ್ಲ.

ವಯಸ್ಸಾದಂತೆ ಅವಳಿಗೆ ಪದಗಳು ಒದಗದಾದವು. ಪುಕ್ಕಟೆ ಸಿಗುವ ಎಐಯನ್ನು ಮೊಬೈಲಿಗೆ ಹಾಕಿಸಿಕೊಂಡಳು. ಅದು ಬರೆದ ಜೋಗುಳಗಳಲ್ಲಿ ಪ್ರಾಸವಿತ್ತು, ಮಗು ಇರಲಿಲ್ಲ. ಬೇಸತ್ತು, ಒಂದು ದಿನ ತನ್ನ ಮಗಳ ಜೋಗುಳವನ್ನೇ ಅದಕ್ಕೆ ಬರೆದು, 'ಹೀಗಿರಬೇಕು' ಅಂದಳು. ಮಗಳ ವಿಷಯವನ್ನೂ ಹೇಳಿದಳು. ಅಂದಿನಿಂದ ಅವಳ ಜೋಗುಳ ಕೇಳಿದ ಹೆಂಗಸರು ಕಣ್ಣೊರೆಸಿಕೊಳ್ಳತೊಡಗಿದರು. ಸುತ್ತಲಿನ ಊರುಗಳಿಂದಲೂ ಕರೆ ಬಂತು.

ಎರಡು ವರ್ಷ ಕಳೆಯಿತು. ಯಾರದೋ ಮದುವೆಗೆ ದೂರದ ಊರಿಗೆ ಹೋದವಳು, ಮಧ್ಯಾಹ್ನ ಕುಡಿಯಲು ನೀರು ಕೇಳೋಣವೆಂದು ಒಂದು ಮನೆಯ ಬಾಗಿಲಲ್ಲಿ ನಿಂತಳು. ಒಳಗೆ ಒಬ್ಬ ಬಾಣಂತಿ ತೊಟ್ಟಿಲು ತೂಗುತ್ತ ಹಾಡುತ್ತಿದ್ದಳು. 'ತೀಪಿ ಮಲಗಿತು, ತೀಪಿಯ ನೆರಳೂ ಮಲಗಿತು.'

ಇವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಈ ಹಾಡು ಯಾರು ಕಲಿಸಿದರಮ್ಮ?"

"ಯಾರೂ ಕಲಿಸಲಿಲ್ಲ ಅಕ್ಕ. ಮೊಬೈಲನ್ನು ಕೇಳಿದೆ, ಬರೆದುಕೊಟ್ಟಿತು. ಈ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಈಗ ಇದೇ."

"ತೀಪಿ ಅಂದರೆ?"

"ದೀಪ. ಇಲ್ಲಿನ ಮಕ್ಕಳೆಲ್ಲ ಹಾಗೇ ಅನ್ನುತ್ತವೆ."

ಬಾಣಂತಿಯ ಹಿರಿಯ ಮಗು ನೆಲದ ಮೇಲೆ ಆಡುತ್ತಿತ್ತು. ಅದು ದೇವರ ಮುಂದಿನ ದೀಪದತ್ತ ಕೈ ತೋರಿಸಿ, ತೊದಲುತ್ತ, ಆ ಮಾತು ಅಂದಿತು. ಗೋಡೆಯಾಚೆಯ ಮನೆಯಿಂದಲೂ ಒಂದು ಎಳೆಯ ದನಿ ಅದನ್ನೇ ಅಂದಿತು. ಅದರಾಚೆಯಿಂದ ಇನ್ನೊಂದು.

ಅವಳು ನೀರು ಕುಡಿಯದೆ ಹಿಂದಿರುಗಿದಳು.

ಮನೆಗೆ ಬಂದು ಕಣ್ಣು ಮುಚ್ಚಿ ಕುಳಿತಳು. ಮೂವತ್ತು ವರ್ಷಗಳಿಂದ, ಬೇಕೆನಿಸಿದಾಗಲೆಲ್ಲ ಹೀಗೆ ಕುಳಿತರೆ ಮಗಳ ದನಿ ಕೇಳುತ್ತಿತ್ತು. ಅಂದು ಕೇಳಿಸಿದ್ದು ನೆಲದ ಮೇಲೆ ಆಡುತ್ತಿದ್ದ ಮಗುವಿನ ದನಿ. ಮತ್ತೆ ಪ್ರಯತ್ನಿಸಿದಳು. ಗೋಡೆಯಾಚೆಯ ದನಿ ಬಂತು.

ಮರುದಿನವೇ ಪುಕ್ಕಟೆಯದನ್ನು ತೆಗೆಸಿ, ದುಡ್ಡು ಕಟ್ಟಿ ಇನ್ನೊಂದನ್ನು ತರಿಸಿಕೊಂಡಳು. ಹೇಳಿದ್ದನ್ನು ಯಾರಿಗೂ ಕೊಡುವುದಿಲ್ಲ, ತಾನೂ ಇಟ್ಟುಕೊಳ್ಳುವುದಿಲ್ಲ ಎಂದು ಅದು ಮಾತು ಕೊಟ್ಟಿತು. ಅವಳು ಕೇಳಿದಳು: "ನನ್ನ ಮಗಳು ಆ ಮಾತನ್ನು ಹೇಗೆ ಅನ್ನುತ್ತಿದ್ದಳು?"

"ನಿಮ್ಮ ಮಗಳ ಬಗ್ಗೆ ನನಗೆ ಏನೂ ಗೊತ್ತಿಲ್ಲ. ನೀವು ಹೇಳಿದರೆ ಕೇಳುತ್ತೇನೆ."

ಅವಳು ಹೇಳಲು ತೊಡಗಿದಳು. ಕೂದಲು ಹೀಗಿತ್ತು ಅಂದಳು. ನಗು ಹೀಗಿತ್ತು ಅಂದಳು. ಹೇಳುತ್ತ ಹೇಳುತ್ತ, ತಾನು ಹೇಳುತ್ತಿರುವುದು ಆ ಓಣಿಯ ಮಗುವಿನ ಕೂದಲು, ಆ ಓಣಿಯ ಮಗುವಿನ ನಗು ಎಂದು ಅವಳಿಗೆ ಗೊತ್ತಾಯಿತು. ಎಐ ಮಾತ್ರ ತಾಳ್ಮೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿತು. ಕೊಟ್ಟ ಮಾತಿನಂತೆ ಎಲ್ಲವನ್ನೂ ಮರೆತಿತು. ಮರುದಿನ ಬೆಳಿಗ್ಗೆ, ನಿಮಗೆ ಮಕ್ಕಳಿದ್ದಾರೆಯೇ ಎಂದು ಕೇಳಿತು.

ಈಗಲೂ ಅವಳು ದಿನವೂ ಅದರ ಮುಂದೆ ಕೂರುತ್ತಾಳೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ದುಡ್ಡು ಕೊಟ್ಟು ತೆಗೆದುಕೊಳ್ಳುವುದೇ ಮೇಲು, ಅಲ್ಲವೇ ಗುರುಗಳೇ?" ಎಂದ ಚೆನ್ನವೀರ.

"ಇಲ್ಲಿಯವರೆಗೆ ನೀನು ಪುಕ್ಕಟೆಯದಕ್ಕೆ ಏನೇನು ಹೇಳಿದ್ದೀಯ?" ಎಂದರು ಗುರುಗಳು.

ಚೆನ್ನವೀರ ಮೊಬೈಲು ತೆಗೆದು, ಅದಕ್ಕೆ ತಾನು ಬರೆದಿದ್ದನ್ನೆಲ್ಲ ಮೊದಲಿನಿಂದ ಓದತೊಡಗಿದ.