ಗುಂಜಿ ಒಡೆದ ದೊಡ್ಡ ಮೊಟ್ಟೆ

ಬಲು ದೂರದಲ್ಲೊಂದು ಬಯಲು. ಎಷ್ಟು ದೊಡ್ಡ ಬಯಲೆಂದರೆ, ಮಕ್ಕಳೇ, ಈ ತುದಿಯಲ್ಲಿ ಮಳೆ ಬಂದರೆ ಆ ತುದಿಯವರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ನೆಲ ಒಣಗಿರುತ್ತಿತ್ತು. ಅಲ್ಲೊಂದು ಇಲ್ಲೊಂದು ಜಾಲಿಮರ, ಉಳಿದಂತೆ ಒಣಹುಲ್ಲು ಮತ್ತು ಕೆಂಪು ಮರಳು. ನಡುವೆ ಗೆದ್ದಲು ಬಿಟ್ಟುಹೋದ ಒಂದು ಹಳೆಯ ಹುತ್ತ. ಹುತ್ತ ಎಂದ ಕೂಡಲೇ ಒಳಗೆ ಹಾವಿದೆ ಎಂದುಕೊಂಡಿರಾ? ಇಲ್ಲ. ಅಲ್ಲಿ ಮುಂಗುಸಿಗಳ ದೊಡ್ಡ ಹಿಂಡೊಂದು ಸಂಸಾರ ಹೂಡಿತ್ತು. ಹಾವುಗಳು ಅತ್ತ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಆ ಹಿಂಡಿನಲ್ಲಿ ಒಂದು ಪದ್ಧತಿ ಇತ್ತು. ಒಂದೇ ಬಾಯಿಗೆ ಮುಗಿಯುವ ಹುಳ ಸಿಕ್ಕರೆ ಸಿಕ್ಕವರೇ ತಿನ್ನಬಹುದು. ಅದಕ್ಕಿಂತ ದೊಡ್ಡದು ಸಿಕ್ಕರೆ "ಚುರ್ರ್, ಚುರ್ರ್" ಎಂದು ಕೂಗಿ ಎಲ್ಲರನ್ನೂ ಕರೆಯಬೇಕು. ಕರೆದ ಮೇಲೆ ಎಲ್ಲರಿಗೂ ಪಾಲು. ಅಲ್ಲಿ ಹುಟ್ಟಿದ ಮರಿಗಳು ಕಣ್ಣು ಬಿಡುವ ಮೊದಲೇ ಈ ಕೂಗನ್ನು ಕೇಳಿ ಬೆಳೆಯುತ್ತಿದ್ದವು.

ಗುಂಜಿ ಆ ಹಿಂಡಿನ ಒಬ್ಬ ತಾಯಿ ಮುಂಗುಸಿ. ಮೊಟ್ಟೆ ಒಡೆಯುವುದರಲ್ಲಿ ಅವಳದು ಎತ್ತಿದ ಕೈ. ಬಂಡೆಗೆ ಬೆನ್ನು ಮಾಡಿ ನಿಲ್ಲುವಳು, ಮೊಟ್ಟೆಯನ್ನು ಮುಂಗಾಲುಗಳಲ್ಲಿ ಹಿಡಿಯುವಳು, ಹಿಂಗಾಲುಗಳ ನಡುವಿನಿಂದ ಹಿಂದಕ್ಕೆ ಬೀಸಿ ಎಸೆಯುವಳು. ಚಟ್! ಮೊಟ್ಟೆ ಬಂಡೆಗೆ ಬಡಿದು ಒಡೆಯುತ್ತಿತ್ತು. ಎಲ್ಲ ಮುಂಗುಸಿಗಳಿಗೂ ಈ ವಿದ್ಯೆ ಬರುತ್ತಿತ್ತು, ಆದರೆ ಗುಂಜಿಯ ಗುರಿ ತಪ್ಪಿದ್ದನ್ನು ಕಂಡವರಿಲ್ಲ. ಅವಳಿಗೂ ಅದು ಚೆನ್ನಾಗಿ ಗೊತ್ತಿತ್ತು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಗೊತ್ತಿತ್ತು ಎನ್ನಿ.

ಆ ವರ್ಷ ಬೇಸಿಗೆ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಜೀರುಂಡೆಗಳು ನೆಲದಾಳಕ್ಕೆ ಇಳಿದವು. ಕಪ್ಪೆಗಳು ಎಲ್ಲಿ ಹೋದವೋ ದೇವರಿಗೇ ಗೊತ್ತು. ಗುಂಜಿಯ ಮರಿಗಳ ಪಕ್ಕೆಲುಬು ಎಣಿಸುವ ಹಾಗಾಯಿತು. ಎಲ್ಲರಿಗಿಂತ ಚಿಕ್ಕದಾದ ಚಿಟ್ಟಿಯಂತೂ ಆಟ ಬಿಟ್ಟು ಸುಮ್ಮನೆ ಮಲಗಿರುತ್ತಿತ್ತು. ಗುಂಜಿ ಅದರ ಮೈ ನೆಕ್ಕಿ ಮತ್ತೆ ಮೇವಿಗೆ ಹೊರಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಮೇವು ಹುಡುಕುತ್ತ ಹಿಂಡಿನಿಂದ ಬಹಳ ದೂರ ಬಂದಳು. ಹುಲ್ಲಿನ ನಡುವೆ ಬೆಳ್ಳಗೆ, ದುಂಡಗೆ, ನುಣ್ಣಗೆ ಏನೋ ಹೊಳೆಯಿತು. ಗುಂಜಿ ಸುತ್ತು ಹಾಕಿ ನೋಡಿದಳು. ಮೂಸಿದಳು. ಉಗುರಿನಿಂದ ಕೆರೆದಳು. ಕಲ್ಲಿನ ಹಾಗಿತ್ತು, ಆದರೆ ಕಲ್ಲಿನ ವಾಸನೆ ಇರಲಿಲ್ಲ.

"ಏನೇ ಗುಂಜಿ, ಅಷ್ಟೊಂದು ಮೂಸ್ತಿದ್ದೀಯಾ?" ಎಂದು ಮೇಲಿನಿಂದ ದನಿ ಬಂತು. ಗುಂಜಿ ಕತ್ತೆತ್ತಿದಳು, ಇನ್ನೂ ಎತ್ತಿದಳು. ಉಷ್ಟ್ರಪಕ್ಷಿ ನೀಳಕ್ಕನ ಮುಖ ನೋಡಬೇಕಾದರೆ ಅಷ್ಟು ಎತ್ತಲೇಬೇಕಿತ್ತು. ಅವಳು ಸ್ವಲ್ಪ ದೂರದಲ್ಲಿ ಮರಳಿನ ಗುಳಿಯೊಳಗೆ ಕಾವು ಕೂತಿದ್ದಳು.

"ಇದು ಕಲ್ಲಾ ನೀಳಕ್ಕ?"

"ಕಲ್ಲೂ ಅಲ್ಲ ಮಣ್ಣೂ ಅಲ್ಲ. ಮೊಟ್ಟೆ ಕಣೇ."

"ಇಷ್ಟು ದೊಡ್ಡದಾ! ಒಳಗೆ ಮರಿ ಇದೆಯಾ? ನಿನ್ನದಾ? ಇಲ್ಲಿ ಯಾಕೆ ಬಿದ್ದಿದೆ?"

"ಒಂದೊಂದೇ ಕೇಳೇ ಮಾರಾಯ್ತಿ" ಎಂದು ನೀಳಕ್ಕ ನಕ್ಕಳು. "ನಮ್ಮಲ್ಲಿ ಹಾಗೇನೇ. ಒಂದೇ ಗುಳಿಗೆ ನಾಲ್ಕಾರು ಜನ ಬಂದು ಮೊಟ್ಟೆ ಇಟ್ಟು ಹೋಗ್ತಾರೆ. ಹಗಲೆಲ್ಲ ಕೂತು ಕಾವು ಕೊಡೋಳು ಮಾತ್ರ ನಾನೊಬ್ಬಳೇ. ನನ್ನ ಮೈ ಕೆಳಗೆ ಎಷ್ಟು ಹಿಡಿಯುತ್ತೋ ಅಷ್ಟು ಇಟ್ಕೋತೀನಿ. ನಂದನ್ನ ನಡುವೆ ಇಟ್ಟು, ಹೆಚ್ಚಾದ್ದನ್ನ ಆಚೆ ತಳ್ತೀನಿ. ಅದಕ್ಕೆ ಕಾವೇ ಸಿಕ್ಕಿಲ್ಲ, ಮರಿ ಎಲ್ಲಿಂದ ಬರ್ಬೇಕು?"

"ಎಲ್ಲಾ ಒಂದೇ ಥರ ಇವೆಯಲ್ಲ, ನಿಂದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

"ಚಿಪ್ಪಿನ ಮೇಲೆ ಸಣ್ಣ ಸಣ್ಣ ಚುಕ್ಕಿ ಇದೆ ನೋಡು. ನಿನ್ನ ಮರಿಗಳನ್ನ ನೀನು ಕಣ್ಮುಚ್ಚಿಕೊಂಡು ಗುರುತಿಸಲ್ವಾ? ಹಾಗೆ."

ಗುಂಜಿ ಚಿಪ್ಪಿಗೆ ಮೂಗು ತಾಗಿಸಿ ನೋಡಿದಳು. ಹೌದು, ಚುಕ್ಕಿಗಳಿದ್ದವು. ಅವಳಿಗೆ ಅವೆಲ್ಲ ಒಂದೇ ಥರ ಕಂಡವು, ಅದು ಬೇರೆ ಮಾತು.

"ಹಾಗಾದ್ರೆ ಇದನ್ನ ತಿನ್ನಬಹುದಾ ಅಕ್ಕ?" ಎಂದು ಮೆಲ್ಲಗೆ ಕೇಳಿದಳು.

"ಒಡೆಯೋಕಾದ್ರೆ ತಿನ್ನು. ನನ್ನಂಥ ದಡೂತಿ ಮೇಲೆ ಕೂತರೂ ಅದು ಬಿರುಕು ಬಿಡಲ್ಲ. ಒಡೆದರೆ ಮಾತ್ರ ನಿಮ್ಮ ಇಡೀ ಹುತ್ತಕ್ಕೆ ಹಬ್ಬದೂಟ. ಕೂಗಿ ಕರಿ ನಿನ್ನವರನ್ನ."

ಗುಂಜಿ ಕೂಗಲು ಬಾಯಿ ತೆರೆದಳು. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡಳು. ಹೋದ ವಾರ ಗೌಜಲಹಕ್ಕಿಯ ಮೊಟ್ಟೆ ಸಿಕ್ಕಾಗ ಕೂಗಿದ್ದಳು. ಹಿಂಡೆಲ್ಲ ಬಂದು ಮುಗಿಬಿದ್ದು, ಚಿಟ್ಟಿಯ ಪಾಲಿಗೆ ಒಂದು ಸಲ ನೆಕ್ಕುವಷ್ಟು ಉಳಿದಿತ್ತು. 'ಇದನ್ನು ನಾನೇ ಇಟ್ಟುಕೊಂಡರೆ? ನನ್ನ ಮರಿಗಳಿಗೆ ಇವತ್ತು ಹೊಟ್ಟೆ ತುಂಬ, ನಾಳೆ ಹೊಟ್ಟೆ ತುಂಬ, ನಾಡಿದ್ದೂ ಹೊಟ್ಟೆ ತುಂಬ' ಎಂದು ಲೆಕ್ಕ ಹಾಕಿದಳು. ತಾಯಿಯ ಲೆಕ್ಕ, ಬೈಯಲು ಮನಸ್ಸು ಬರುವುದಿಲ್ಲ. ಆದರೂ ಲೆಕ್ಕ ತಪ್ಪಿತ್ತು.

ಅವಳು ಮೊಟ್ಟೆಯನ್ನು ಉರುಳಿಸಿಕೊಂಡು ಹುತ್ತದ ಕಡೆಗೆ ಹೊರಟಳು. ಅದು ಅವಳಷ್ಟೇ ಭಾರ ಇತ್ತು. ತಳ್ಳಿ ತಳ್ಳಿ ಏದುಸಿರು ಬಂತು. ಹುತ್ತದವರ ಕಣ್ಣಿಗೆ ಬೀಳಬಾರದೆಂದು ಮುಳ್ಳುಪೊದೆಯ ಆಚೆ, ಮರಳಿನ ಇಳಿಜಾರಿನಲ್ಲಿದ್ದ ಒಂದು ಬಂಡೆಯ ಬಳಿಗೆ ತಂದು ನಿಲ್ಲಿಸಿದಳು.

ಈಗ ವಿದ್ಯೆ ತೋರಿಸುವ ಹೊತ್ತು. ಬಂಡೆಗೆ ಬೆನ್ನು ಮಾಡಿದಳು. ಮುಂಗಾಲುಗಳಲ್ಲಿ ಮೊಟ್ಟೆ ತಬ್ಬಿ ಹಿಂದಕ್ಕೆ ಬೀಸಿದಳು. ಮೊಟ್ಟೆ ಅವಳ ಹೊಟ್ಟೆಗೆ ಬಂದು ಸಿಕ್ಕಿಕೊಂಡಿತು. ಹಿಂಗಾಲು ಎಷ್ಟು ಅಗಲಿಸಿದರೂ ಆಚೆ ಹೋಗಲೊಲ್ಲದು. ಇನ್ನೊಮ್ಮೆ ಬಲ ಹಾಕಿದಾಗ ಮೊಟ್ಟೆ ಅಲ್ಲೇ ಉಳಿಯಿತು, ಗುಂಜಿಯೇ ಲಾಗ ಹಾಕಿ ಬಂಡೆಗೆ ಬಡಿದಳು.

"ಆಹಾ! ಮೊಟ್ಟೆ ಮುಂಗುಸಿಯನ್ನ ಒಡೆಯೋದು ನಾನು ಇವತ್ತೇ ನೋಡಿದ್ದು!"

ಜಾಲಿಮರದ ಮೇಲೆ ಕೂತಿದ್ದವನು ಬೋಳಜ್ಜ, ಬಿಳಿ ರಣಹದ್ದು. ಹಳದಿ ಬೋಳುಮುಖ, ಮಾಸಲು ಬಿಳಿ ಗರಿ. ಅಜ್ಜನಿಗೆ ಹೊಟ್ಟೆ ಹಸಿವಿಗಿಂತ ಮಾತಿನ ಹಸಿವು ಹೆಚ್ಚು. ಅವನು ಕೆಳಗಿಳಿದು ಮೊಟ್ಟೆಯ ಸುತ್ತ ಕುಂಟುತ್ತ ಬಂದ.

"ನಿಂದಾ ಇದು? ಇಡುವಾಗ ನೋವಾಗಲಿಲ್ವಾ?"

"ತಮಾಷೆ ಸಾಕು ಅಜ್ಜ" ಎಂದಳು ಗುಂಜಿ, ತಲೆ ಸವರಿಕೊಳ್ಳುತ್ತ. "ನಿನಗೆ ಒಡೆಯೋಕೆ ಬರುತ್ತಾ?"

"ಬರುತ್ತಾ ಅಂತೀಯಾ! ನಮ್ಮ ಮನೆತನದ ಕಸುಬು ಅದು. ಮೊಟ್ಟೆಯನ್ನ ಕಲ್ಲಿಗೆ ಹೊಡೆಯೋದಲ್ಲ ಕಣಮ್ಮ, ಕಲ್ಲನ್ನ ಮೊಟ್ಟೆಗೆ ಹೊಡೀಬೇಕು. ಹೇಳಿಕೊಡ್ತೀನಿ. ಆದರೆ ಮೊದಲ ಗುಟುಕು ನಂದು. ಆಮೇಲೆ ನಿನ್ನವರನ್ನೆಲ್ಲ ಕರಿ."

"ಎಲ್ಲರನ್ನೂ ಯಾಕೆ ಕರೀಬೇಕು?"

"ಅಯ್ಯೋ, ಇದೇನು ಒಬ್ಬರಿಗೆ ಮುಗಿಯೋ ಊಟವಾ? ಈ ಬಿಸಿಲಿಗೆ ತೆರೆದ ಮೊಟ್ಟೆ ನಾಳೆಗೆ ನಾರುತ್ತೆ."

ಗುಂಜಿಗೆ ಆ ಮಾತು ರುಚಿಸಲಿಲ್ಲ. 'ಇವನಿಗೆ ಮೊದಲ ಗುಟುಕು, ಅವರಿಗೆ ಉಳಿದದ್ದು, ನನ್ನ ಚಿಟ್ಟಿಗೆ ಮತ್ತೆ ನೆಕ್ಕುವಷ್ಟು' ಎಂದುಕೊಂಡಳು. ಆದರೂ ಮುಖದ ಮೇಲೆ ನಗು ತಂದುಕೊಂಡು, "ಎಂಥ ಕಲ್ಲು ಬೇಕು ಅಜ್ಜ? ಎಲ್ಲಿಗೆ ಹೊಡೀಬೇಕು?" ಎಂದು ಕೇಳಿದಳು.

ಕೇಳಿದರೆ ಹೇಳದೆ ಇರುವ ಜಾತಿಯಲ್ಲ ಬೋಳಜ್ಜ. ಅಲ್ಲಿ ಇಲ್ಲಿ ಹುಡುಕಿ ದುಂಡನೆಯ ಕಲ್ಲೊಂದನ್ನು ಆರಿಸಿದ. ಕೊಕ್ಕಿನಲ್ಲಿ ಕಚ್ಚಿ, ಕತ್ತು ಹಿಂದಕ್ಕೆ ಎಳೆದು, ಒಮ್ಮೆಗೇ ಎಸೆದ. ಟಕ್! ಚಿಪ್ಪಿನ ಮೇಲೆ ಒಂದು ಸಣ್ಣ ಗುರುತು ಬಿತ್ತು.

"ಒಂದೇ ಜಾಗಕ್ಕೆ ಮತ್ತೆ ಮತ್ತೆ ಬೀಳಬೇಕು, ತಿಳೀತಾ? ಆದರೆ ಒಡೆಯೋದು ಅರ್ಧ ಕೆಲಸ ಅಷ್ಟೇ. ಅದಕ್ಕೂ ಮುಂಚೆ ಒಂದು ಮುಖ್ಯವಾದ ಸಂಗತಿ ಇದೆ, ಅದೇನಪ್ಪಾ ಅಂದ್ರೆ..."

ಗುಂಜಿಗೆ ಕೇಳುವ ವ್ಯವಧಾನ ಎಲ್ಲಿತ್ತು? ಬೇಕಾದ್ದು ಸಿಕ್ಕಿಯಾಗಿತ್ತು. "ಅಜ್ಜಾ, ಹಿಂದೆ!" ಎಂದು ಕಿರುಚಿದಳು. "ನೀಳಕ್ಕನ ಗಂಡ! ಓಡಿ ಬರ್ತಾ ಇದ್ದಾನೆ!"

ಗಂಡು ಉಷ್ಟ್ರಪಕ್ಷಿಯ ಒದೆ ಎಂಥದ್ದೆಂದು ಆ ಬಯಲಿನಲ್ಲಿ ಎಲ್ಲರಿಗೂ ಗೊತ್ತು. ಅದನ್ನು ತಿಂದವರು ಹೇಗಿತ್ತೆಂದು ಹೇಳಲು ಉಳಿಯುತ್ತಿರಲಿಲ್ಲ. ಬೋಳಜ್ಜ ತಿರುಗಿಯೂ ನೋಡದೆ ರೆಕ್ಕೆ ಬಡಿದು ಹಾರಿದ. ಹೇಳಬೇಕಾದ ಮುಖ್ಯ ಸಂಗತಿ ಅವನ ಗಂಟಲಲ್ಲೇ ಉಳಿಯಿತು.

ಗುಂಜಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಆ ದುಂಡುಕಲ್ಲನ್ನು ಎತ್ತಿಕೊಂಡು ಮೊಟ್ಟೆಗೆ ಬೆನ್ನು ಮಾಡಿದಳು. ಕೊಕ್ಕು ಇಲ್ಲದಿದ್ದರೇನು, ಹಿಂಗಾಲುಗಳ ನಡುವಿನಿಂದ ಕಲ್ಲು ಸಲೀಸಾಗಿ ಹೋಗುತ್ತದಲ್ಲ! ಬೀಸಿದಳು. ಟಕ್! ಅದೇ ಜಾಗ. ಮತ್ತೆ ಬೀಸಿದಳು. ಟಕ್! ಗುರಿ ತಪ್ಪಲೇ ಇಲ್ಲ. ಅವಳ ಜಾಣತನವನ್ನು ಮೆಚ್ಚಲೇಬೇಕು ಮಕ್ಕಳೇ, ಆ ಬಯಲಿನಲ್ಲಿ ಯಾವ ಮುಂಗುಸಿಗೂ ಅಂಥ ಯೋಚನೆ ಹೊಳೆದಿರಲಿಲ್ಲ. ಕೂದಲೆಳೆಯಂಥ ಬಿರುಕು ಕಂಡಿತು. ಒಳಗೆ ಏನಿರಬಹುದು? ಹಳದಿಯೋ ಕೆಂಪೋ? ಸಿಹಿಯೋ ಸಪ್ಪೆಯೋ? ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸೇರಿಸಿ ಕೊನೆಯ ಸಲ ಬೀಸಿದಳು.

ಫಟ್!

ಮೊಟ್ಟೆ ಪಕ್ಕಕ್ಕೆ ಬಾಯಿಬಿಟ್ಟಿತು. ಜೊತೆಗೆ ಇಳಿಜಾರಿನಲ್ಲಿ ಉರುಳಿತು ಕೂಡ. ಒಳಗಿದ್ದದ್ದೆಲ್ಲ ಗಳಗಳನೆ ಹೊರಬಂತು. ಬಿಳಿ ಲೋಳೆ, ಅದರ ಹಿಂದೆ ಅವಳ ತಲೆಗಿಂತ ದೊಡ್ಡದಾದ ಹಳದಿ. ಗುಂಜಿ ಕಣ್ಣರಳಿಸಿ ನಿಂತಳು. ಅವಳು ಅಷ್ಟು ಅನ್ನವನ್ನು ಒಂದೇ ಕಡೆ ಜನ್ಮದಲ್ಲಿ ಕಂಡಿರಲಿಲ್ಲ.

ಗೌಜಲಹಕ್ಕಿಯ ಮೊಟ್ಟೆ ಒಡೆದರೆ ಬಂಡೆಗೆ ಅಂಟಿದ್ದನ್ನು ನೆಕ್ಕಿದರೆ ಮುಗಿಯಿತು. ಇದು ಹಾಗಲ್ಲ. ಇದು ಹರಿಯಿತು. ಕೆಳಗೆ ಇದ್ದದ್ದು ಕಾದ ಮರಳು, ಬೇಸಿಗೆಯೆಲ್ಲ ಬಾಯಾರಿದ ಮರಳು. ಗುಂಜಿ ಮುಂಗಾಲು ಅಡ್ಡ ಇಟ್ಟಳು, ಪಕ್ಕದಿಂದ ಹರಿಯಿತು. ಬಾಲ ಅಡ್ಡ ಹಾಕಿದಳು, ಅಡಿಯಿಂದ ಇಂಗಿತು. ಬಾಯಿ ಹಾಕಿದಳು, ಬರೀ ಮರಳು ಬಂತು.

"ಚುರ್ರ್! ಚುರ್ರ್! ಬನ್ನಿ, ಬೇಗ ಬನ್ನಿ!" ಎಂದು ಗಂಟಲು ಹರಿಯುವಂತೆ ಕೂಗಿದಳು.

ಹಿಂಡು ಓಡೋಡಿ ಬಂತು. ಮುಂದೆ ಹಿರಿಯಳಾದ ಮಾಳಕ್ಕ, ಹಿಂದೆ ದೊಡ್ಡವರು, ಅವರ ಹಿಂದೆ ತಡವರಿಸುತ್ತ ಮರಿಗಳು. ಬಂದವರಿಗೆ ಕಂಡದ್ದು ಒದ್ದೆ ಮರಳು, ಒಡೆದ ಚಿಪ್ಪು, ಆಗಲೇ ಮುತ್ತಿಕೊಂಡಿದ್ದ ಇರುವೆಗಳು.

ಬೋಳಜ್ಜನೂ ಮೇಲಿಂದ ನೋಡಿ, ಉಷ್ಟ್ರಪಕ್ಷಿಯ ಸುಳಿವೇ ಇಲ್ಲವೆಂದು ತಿಳಿದು, ಗೊಣಗುತ್ತ ಇಳಿದು ಬಂದ.

"ನಾನು ಹೇಳೋಕೆ ಹೊರಟಿದ್ದು ಅದನ್ನೇ ಕಣೇ" ಎಂದ. "ಮೊದಲು ಗುಂಡಿ ತೋಡಿ ಮೊಟ್ಟೆಯನ್ನ ನೆಟ್ಟಗೆ ನಿಲ್ಲಿಸಬೇಕು. ಸುತ್ತ ಜನ ಒತ್ತಿ ಹಿಡೀಬೇಕು. ಆಮೇಲೆ ಮೇಲುಗಡೆ ಸಣ್ಣದಾಗಿ ಒಂದು ತೂತು. ಚಿಪ್ಪೇ ಪಾತ್ರೆ! ಎಷ್ಟು ಜನ ಬೇಕಾದರೂ ಕುಡೀಬಹುದಿತ್ತು."

"ಹಿಡಿಯೋಕೆ ನಾವಿರಲಿಲ್ವೇನೇ ಗುಂಜಿ?" ಎಂದಳು ಮಾಳಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಗುಂಜಿಗೆ ಎಷ್ಟೋ ಹಗುರವಾಗುತ್ತಿತ್ತು.

ಚಿಟ್ಟಿ ಚಿಪ್ಪಿನ ಚೂರೊಂದನ್ನು ನೆಕ್ಕಿತು. ಮರಳು ಸಿಕ್ಕಿ ಥೂ ಎಂದು ಉಗಿಯಿತು. ಆಮೇಲೆ ಅಮ್ಮನ ಹತ್ತಿರ ಬಂದು, ಕಣ್ಣರಳಿಸಿ ಕೇಳಿತು:

"ಅಮ್ಮಾ, ಅದರ ರುಚಿ ಹೇಗಿತ್ತು?"

ಗುಂಜಿ ಒಡೆದ ಚಿಪ್ಪಿನತ್ತ ನೋಡಿದಳು. ಅಷ್ಟು ದೊಡ್ಡ ಮೊಟ್ಟೆಯನ್ನು ಹುಡುಕಿದವಳು ಅವಳು, ಉರುಳಿಸಿದವಳು ಅವಳು, ಒಡೆದವಳೂ ಅವಳೇ. ಅದರ ರುಚಿ ಮಾತ್ರ ಅವಳಿಗೆ ಗೊತ್ತಿರಲಿಲ್ಲ.

"ನನ್ನನ್ನ ಕೇಳು ಮಗು" ಎಂದ ಬೋಳಜ್ಜ, ಚಿಟ್ಟಿಯ ಪಕ್ಕದಲ್ಲಿ ಕೂತು. "ಬೆಣ್ಣೆ ಥರ ಗಟ್ಟಿ. ಸ್ವಲ್ಪ ಸಿಹಿ. ಒಂದು ಗುಟುಕು ಒಳಗೆ ಹೋದರೆ ಸಾಕು, ಹೊಟ್ಟೆ ಬೆಚ್ಚಗಾಗುತ್ತೆ."

ಮರಿಗಳೆಲ್ಲ ಸುತ್ತ ಕೂತು ಕಿವಿ ನಿಮಿರಿಸಿ ಕೇಳಿದವು. ಅಜ್ಜ ಒಂದೊಂದು ಮಾತು ಹೇಳಿದಾಗಲೂ ಅವು ಖಾಲಿ ಬಾಯಿಯಲ್ಲಿ ಉಗುಳು ನುಂಗುತ್ತಿದ್ದವು. ಗುಂಜಿಗೆ ಅದನ್ನು ನೋಡಲಾಗಲಿಲ್ಲ. ಅವಳು ಮುಖ ತಿರುಗಿಸಿ ಅತ್ತಳು.

ನೀತಿ: ಪಾಲು ಕೊಡಬೇಕಾಗುತ್ತದೆ ಎಂದು ನೆರವಾಗುವವರನ್ನು ದೂರವಿಟ್ಟರೆ, ನಮ್ಮ ಪಾಲೂ ನಮಗೆ ಉಳಿಯುವುದಿಲ್ಲ.