ಎಡಗಿವಿಯ ದನಿ

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿನ ಸ್ವಾಮಿಗಳಾದ ಅಜ್ಜಾರ ಗಂಟಲು ಕೆಟ್ಟುಹೋಗಿತ್ತು. ಇನ್ನು ಪ್ರವಚನ ಸಾಕು ಎಂದು ಡಾಕ್ಟರು ಹೇಳಿದ್ದರು.

ಕೊನೆಯ ಪ್ರವಚನವನ್ನು ಹೊಳೆಯ ಮೆಟ್ಟಿಲ ಮೇಲೆ ಕೂತು ಮಾಡಿದರು. ಎಂದಿನಂತೆ "ಈ ಹೊಳಿ ಕೇಳ್ರಿ" ಎಂದು ಮುಗಿಸಿದರು. ಶಿಷ್ಯ ಚರಂತಯ್ಯ ಅದನ್ನು ವಿಡಿಯೊ ಮಾಡಿಕೊಂಡ.

ಆಚೆ ದಂಡೆಯ ನೀಲವ್ವ ನಲವತ್ತು ವರ್ಷ ಮುಂದಿನ ಸಾಲಿನಲ್ಲಿ ಕೂತು ಕೇಳಿದವಳು. ಈಗ ಹಾಸಿಗೆ ಹಿಡಿದಿದ್ದಳು. ಕಣ್ಣು ಮುಚ್ಚುವುದರೊಳಗೆ ಇನ್ನೊಮ್ಮೆ ಅಜ್ಜಾರ ದನಿ ಕೇಳಬೇಕೆಂದು ಹೇಳಿ ಕಳಿಸಿದ್ದಳು.

ನಾಲ್ಕು ದಿನವಾದರೂ ಚರಂತಯ್ಯ ಕಂಪ್ಯೂಟರ್ ಬಿಟ್ಟು ಏಳಲಿಲ್ಲ.

"ಇನ್ನೂ ಮುಗೀಲಿಲ್ಲೇನು?" ಅಜ್ಜಾರು ಪಿಸುದನಿಯಲ್ಲಿ ಕೇಳಿದರು.

"ಎಡಿಟಿಂಗ್ ಮುಗದೈತ್ರಿ ಅಜ್ಜಾರ. ಎಕ್ಸ್‌ಪೋರ್ಟ್ ಮಾಡೋದ ಉಳದೈತಿ. ಆಡಿಯೊ ಸೆಟ್ಟಿಂಗ್ ಬಗಿಹರೀವಲ್ದು. ಬಿಟ್‌ರೇಟ್ ಕಮ್ಮಿ ಇಟ್ರ ನಿಮ್ಮ ದನಿ ತಗಡ ಬಡದಂಗ ಕೇಳತೈತಿ. ಹೆಚ್ಚ ಇಟ್ರ ಫೈಲ್ ಭಾರ ಆಕೈತಿ."

"ಮತ್ತ?"

"ಎರಡು ಮೈಕ್ ಇಟ್ಟಿದ್ನಿ. ಸ್ಟೀರಿಯೊ ಆದ್ರ ಎಡಗಿವಿಗೆ ನಿಮ್ಮ ದನಿ, ಬಲಗಿವಿಗೆ ಹೊಳೀ ಸಪ್ಪಳ. ದಂಡ್ಯಾಗ ಕುಂತಂಗ ಆಕೈತಿ. ಮೋನೊ ಆದ್ರ ಎರಡೂ ಕಲತು ಎರಡೂ ಕಿವಿಗೆ ಬರ್ತಾವು. ಆದ್ರ ಸಪ್ಪಗ."

"ನೀಲವ್ವ ಹ್ಯಾಂಗ ಕೇಳ್ತಾಳ?"

"ಅದನ್ನ ವಿಚಾರಸಿಲ್ರಿ."

"ವಿಚಾರಸು."

ಚರಂತಯ್ಯ ವಿಚಾರಿಸಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಸ್ಟೀರಿಯೊ ಕೇಳಿದ. ಅವನ ಕಣ್ಣಲ್ಲೇ ನೀರು ಬಂತು. ದಣಿದವನಿಗೆ ತನ್ನ ಕೆಲಸ ಚೆಂದವೇ ಕಾಣುತ್ತದೆ. ಮಧ್ಯಾಹ್ನ ನೀಲವ್ವನ ಮನೆಯ ಫೋನಿಗೆ ಅದನ್ನೇ ಕಳಿಸಿಬಿಟ್ಟ.

ಮರುದಿನ ನೀಲವ್ವನ ಸೊಸೆ ಫೋನ್ ಮಾಡಿದಳು.

"ಅತ್ತೀಗೆ ಎಡಗಿವಿ ಕೇಳತಿದ್ದಿಲ್ರಿ. ಅದಕ್ಕ ಇಯರ್‌ಫೋನ್ ಬಲಗಿವಿಗಷ್ಟ ಹಾಕಿದ್ನಿ. ನಿನ್ನಿ ಒಂದ ತಾಸ ಕಣ್ಣ ಮುಚ್ಚಿ ಕೇಳಿದ್ರು. 'ಅಜ್ಜಾರು ಇವತ್ತ ಏನೂ ಹೇಳಲಿಲ್ಲ, ಬರೇ ಹೊಳಿ ಕೇಳಿಸಿದ್ರು. ಅದನ್ನ ಹಿಂಗ ಎಂದೂ ಕೇಳಿದ್ದಿಲ್ಲ' ಅಂದ್ರು. ಇವತ್ತ ಮುಂಜಾನೆ ಹೋಗಿಬಿಟ್ರು."

ಚರಂತಯ್ಯ ಹೋಗಿ ಅಜ್ಜಾರ ಮುಂದೆ ಕುಸಿದು ಕೂತ. ಎಲ್ಲವನ್ನೂ ಹೇಳಿದ.

"ನಿಮ್ಮ ದನಿ ಆಕೀಗೆ ಮುಟ್ಟಲೇ ಇಲ್ರಿ. ನಾಕ ದಿನ ಗಾಳಿ ಗುದ್ದಿ ಮೈ ನೋಯಿಸ್ಕೊಂಡಂಗಾತು. ತಪ್ಪಾತ್ರಿ ಅಜ್ಜಾರ."

"ತಪ್ಪ ಹೌದು. ಒಂದ ಫೋನ್ ಮಾಡಿದ್ರ ಮುಗೀತಿತ್ತು."

ಅಜ್ಜಾರು ಶಾಲಿನ ಚುಂಗಿನಿಂದ ಕಣ್ಣೊರೆಸಿಕೊಂಡರು. ನಲವತ್ತು ವರ್ಷ ಎದುರಿಗೆ ಕಂಡ ಮುಖ ಅದು. ದುಃಖವಾಗದೆ ಇರುತ್ತದೆಯೇ?

"ಉಳದ ಭಕ್ತರಿಗರ ಮೋನೊ ಮಾಡಿ ಕಳಸ್ಲೇನ್ರಿ?"

"ಕಳಸು."

ಅವರು ಗೋಡೆ ಹಿಡಿದು ಎದ್ದು, ಕಿಟಕಿ ತೆಗೆದರು. ಹೊಳೆಯ ಸಪ್ಪಳ ಒಳಗೆ ಬಂತು. ಅದಕ್ಕೆ ಕಿವಿಗೊಟ್ಟರು.

"ಹೊಳಿ ಕೇಳ್ರಿ, ಹೊಳಿ ಕೇಳ್ರಿ ಅಂತ ನಲವತ್ತು ವರ್ಷ ಅದರಕಿಂತ ಜೋರ ಕೂಗಿದ್ನಲ್ಲೋ, ತಮ್ಮಾ."