ಕಾವಲುಕೋಲು ಮತ್ತು ಇಲ್ಲದ ಕರಡಿ

"ಗುರುಗಳೇ, ನನ್ನ ಜೊತೆ ಓದುವ ಮಲ್ಲಿನಾಥ ಪಾಠ ಒಪ್ಪಿಸುವಾಗ ತಪ್ಪುತ್ತಾನೆ. ಆದರೂ ಎಲ್ಲರೂ ತಲೆದೂಗುತ್ತಾರೆ. ಅವನ ತಪ್ಪನ್ನು ನಾಲ್ಕು ಜನರೆದುರು ಎತ್ತಿ ತೋರಿಸಿದರೆ ಅದು ಮತ್ಸರವೇ?" ಎಂದು ಶಿಷ್ಯ ಕೇಳಿದ.

"ತಪ್ಪು ನಿಜವಾಗಿಯೂ ಇದೆಯೇ?"

"ಇದೆ. ನಿನ್ನೆ ಪಾಠದ ಈ ಓಲೆಗರಿಯನ್ನು ಎದುರಿಗಿಟ್ಟುಕೊಂಡೇ ನೋಡಿದೆ."

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನವರು ತಮ್ಮ ಕಾಡನ್ನು ತಾವೇ ಕಾಯುತ್ತಿದ್ದರು. ಕಾವಲಿಗೆಂದು ಒಂದು ಕೋಲಿತ್ತು. ಅದು ಯಾರ ಬಾಗಿಲಿಗೆ ಒರಗಿದೆಯೋ ಆ ಮನೆಯವರು ಅಂದು ಕಾಡು ಸುತ್ತಬೇಕು. ಸಂಜೆ ಕಟ್ಟೆಗೆ ಬಂದು ಕಂಡದ್ದನ್ನು ಹೇಳಿ, ಕೋಲನ್ನು ಪಕ್ಕದ ಮನೆಗೆ ಒರಗಿಸಬೇಕು. ಎಲ್ಲಿ ಚಿಗುರಿದೆ, ಎಲ್ಲಿ ಸೊರಗಿದೆ ಎಂದು ಊರಿಗೆ ಹೀಗೆ ತಿಳಿಯುತ್ತಿತ್ತು. ಎಲ್ಲಿ ಸೌದೆ ಕಡಿಯಬಹುದು, ಎಲ್ಲಿ ಕೊಡಲಿ ತಾಗಿಸಬಾರದು ಎಂದು ಗೊತ್ತುಮಾಡುವ ಯಜಮಾನನನ್ನು ಸುಗ್ಗಿ ಮುಗಿದ ಮೇಲೆ ಊರೇ ಆರಿಸುತ್ತಿತ್ತು.

ಆ ವರ್ಷ ಯಜಮಾನಿಕೆ ತನಗೇ ಬರಬೇಕೆಂದು ಒಬ್ಬ ರೈತ ಆಸೆಪಟ್ಟ. ತನ್ನ ಸರದಿಯಲ್ಲಿ ಅವನು ಒಂದು ಮೂಲೆಯನ್ನೂ ಬಿಡದೆ ಸುತ್ತುತ್ತಿದ್ದ. ಸಂಜೆ ಬಂದು "ಎಲ್ಲ ಸರಿಯಾಗಿದೆ" ಎನ್ನುತ್ತಿದ್ದ. ಜನ ಆಕಳಿಸುತ್ತಿದ್ದರು. ಅದೇ ಊರಿನ ಕುರಿಗಾಹಿಯ ಸರದಿ ಬಂದರೆ ಕಟ್ಟೆಯಲ್ಲಿ ಕೂರಲು ಜಾಗವಿರುತ್ತಿರಲಿಲ್ಲ. ಬಡಗಣ ಗುಡ್ಡದಲ್ಲಿ ಕರಡಿ ಮರಿ ಹಾಕಿದೆ ಎಂದು ಅವನು ಹೇಳಿದ ದಿನ ಹೆಂಗಸರು ಒಲೆ ಬಿಟ್ಟು ಬಂದು ನಿಂತರು.

"ನಿಮಗೆ ಮರ ಬಿಟ್ಟು ಬೇರೇನಾದರೂ ಕಂಡದ್ದುಂಟೇ ಅಣ್ಣಾ?" ಎಂದು ಅವನು ರೈತನನ್ನು ಕೇಳಿದ. ಕಟ್ಟೆಯೆಲ್ಲ ನಕ್ಕಿತು. ರೈತನೂ ನಕ್ಕ. ಆದರೆ ಆ ಮಾತನ್ನು ಮರೆಯಲಿಲ್ಲ.

ಕೋಲು ತನ್ನ ಬಾಗಿಲಿಗೆ ಬಂದ ದಿನ ರೈತ ನೆಟ್ಟಗೆ ಬಡಗಣ ಗುಡ್ಡ ಹತ್ತಿದ. ಪೊದೆ ಪೊದೆ ಬಗ್ಗಿ ನೋಡಿದ. ಒಂದೊಂದು ಗವಿಗೂ ತೆವಳಿ ಹೋದ. ಮುಳ್ಳುಹಂದಿಯ ಮುಳ್ಳು ಸಿಕ್ಕವು. ಕರಡಿಯ ಕೂದಲೂ ಸಿಗಲಿಲ್ಲ. ಮಗ ಹುಟ್ಟಿದಾಗಲೂ ಅವನಿಗೆ ಅಷ್ಟು ಸಂತೋಷವಾಗಿರಲಿಲ್ಲ.

"ಕರಡಿ ಇಲ್ಲ. ಇವನು ಹೇಳಿದ್ದು ಸುಳ್ಳು" ಎಂದ ಸಂಜೆ. ಅಂದು ಯಾರೂ ಆಕಳಿಸಲಿಲ್ಲ.

ಕುರಿಗಾಹಿ ತಲೆ ಕೆರೆದುಕೊಂಡ. "ಇರಲಿಕ್ಕಿಲ್ಲ ಅಣ್ಣಾ. ಪೊದೆಯೊಳಗೆ ಏನೋ ಗುರುಗುಟ್ಟಿತು. ನಿಂತು ನೋಡುವ ಧೈರ್ಯ ನನಗಾಗಲಿಲ್ಲ."

ಜನ ಮತ್ತೆ ನಕ್ಕರು. ಒಬ್ಬ ಮುದುಕಿ ಮಾತ್ರ, "ಅದು ಹಾಗಿರಲಿ ಮಗಾ, ತೆಂಕಣ ಹಳ್ಳದ ಕಡೆ ಹೇಗಿದೆ?" ಎಂದು ಕೇಳಿದಳು.

ರೈತ ಆ ಕಡೆ ಹೋಗಿರಲೇ ಇಲ್ಲ. "ಎಲ್ಲ ಸರಿಯಾಗಿದೆ" ಎಂದ.

ಮರುದಿನ ಪಕ್ಕದ ಮನೆಯವನು ಕೋಲು ಹಿಡಿದು ಹೋದ. ಹಳ್ಳದ ದಂಡೆಯ ಹೊನ್ನೆ ಮರಗಳ ಬುಡ ಮಾತ್ರ ಉಳಿದಿತ್ತು. ಕಳ್ಳರು ಹಿಂದಿನ ಹಗಲೇ ಗಾಡಿ ಹೂಡಿಕೊಂಡು ಬಂದು, ಅವಸರವಿಲ್ಲದೆ ಕಡಿದು ಒಯ್ದಿದ್ದರು.

ಊರು ಕಟ್ಟೆಯಲ್ಲಿ ಸೇರಿತು. "ಕರಡಿ ಇಲ್ಲವೆಂದು ನಾನು ಹೇಳಿದ್ದು ನಿಜ ತಾನೇ?" ಎಂದ ರೈತ.

"ನಿಜ" ಎಂದರು ಜನ. ಮುಂದಿನ ಸುತ್ತಿನಲ್ಲಿ ಕೋಲು ಅವನ ಬಾಗಿಲು ದಾಟಿ ಹೋಯಿತು.

ಗುರುಗಳು ಕತೆ ನಿಲ್ಲಿಸಿ ಶಿಷ್ಯನ ಕಡೆ ನೋಡಿದರು.

"ಓಲೆ ಕೆಳಗಿಡು. ನಿನ್ನೆಯ ಪಾಠವನ್ನು ಈಗ ನೀನು ಒಪ್ಪಿಸು."

ಶಿಷ್ಯ ಎರಡನೆಯ ಸಾಲಿಗೇ ತಡವರಿಸಿ, ಕೆಳಗಿಟ್ಟ ಓಲೆಯತ್ತ ಕೈ ಚಾಚಿದ.